ಅರ್ಧ ಕಡಲೆಬೀಜ

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ತಂದೆಯೊಬ್ಬ ಮಗನನ್ನು ಉಪವಾಸ ಕೆಡವುತ್ತಾನೆ. ತಂದೆ ಉದ್ದಾಲಕ ಆರುಣಿ. ಮಗ ಶ್ವೇತಕೇತು, ಹನ್ನೆರಡು ವರ್ಷ ಗುರುವಿನ ಮನೆಯಲ್ಲಿ ವೇದ ಓದಿ, ಎಲ್ಲ ಕಲಿತೆನೆಂಬ ಬಿಗುಮಾನದಲ್ಲಿ ಮನೆಗೆ ಮರಳಿದ ಇಪ್ಪತ್ನಾಲ್ಕರ ತರುಣ. ಹದಿನೈದು ದಿನ ಏನೂ ತಿನ್ನಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ, ನೀರು ಕುಡಿಯುವವನ ಪ್ರಾಣ ಹೋಗುವುದಿಲ್ಲ ಎಂದು ತಂದೆ ಹೇಳುತ್ತಾನೆ. ಅವಧಿ ಮುಗಿದ ಮೇಲೆ ಮಗನನ್ನು ಕೂರಿಸಿಕೊಂಡು ಋಕ್ಕು, ಯಜುಸ್ಸು, ಸಾಮಗಳನ್ನು ಹೇಳು ಎನ್ನುತ್ತಾನೆ. ಹುಡುಗನಿಗೆ ಒಂದೂ ಹೊಳೆಯುವುದಿಲ್ಲ. ಹೋಗಿ ಊಟ ಮಾಡಿ ಬಾ ಎಂದು ಕಳಿಸುತ್ತಾನೆ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ತಾನಾಗಿ ಬರುತ್ತದೆ.

ಉಪನಿಷತ್ತುಗಳಲ್ಲಿ ವಾದ, ಸಂವಾದಗಳು ಬೇಕಾದಷ್ಟಿವೆ. ಹೀಗೆ ದಿನ ಗೊತ್ತುಮಾಡಿ, ನೀರು ಕೊಟ್ಟು ಅನ್ನ ತಡೆದು, ಆಮೇಲೆ ಅನ್ನವನ್ನೂ ಕೊಟ್ಟು ನೋಡಿದ ಪ್ರಯೋಗ ಅಪರೂಪ. ಮನಸ್ಸು ಅನ್ನಮಯ, ಪ್ರಾಣ ಜಲಮಯ ಎಂಬುದು ಉದ್ದಾಲಕನ ತೀರ್ಮಾನ. ಮನುಷ್ಯನಿಗೆ ಹದಿನಾರು ಕಲೆಗಳು, ಅಂದರೆ ಭಾಗಗಳು ಇವೆ, ಮಗನಲ್ಲಿ ಒಂದೇ ಒಂದು ಉಳಿದಿತ್ತು, ಅನ್ನ ಬಿದ್ದೊಡನೆ ಅದೇ ಹೊತ್ತಿಕೊಂಡಿತು ಎಂದು ಅವನು ವಿವರಿಸುತ್ತಾನೆ. ಆದರೂ ಒಂದು ಪ್ರಶ್ನೆ ಅಲ್ಲೇ ನಿಂತಿದೆ. ಶ್ವೇತಕೇತು ಉಂಡ ಅನ್ನದಲ್ಲಿ ಋಗ್ವೇದ ಇರಲಿಲ್ಲ. ವೇದ ಕಲಿಯದವನು ಅದೇ ಅನ್ನವನ್ನು ಅಷ್ಟೇ ಉಂಡಿದ್ದರೆ ಒಂದು ಮಂತ್ರವೂ ಬಾಯಿಗೆ ಬರುತ್ತಿರಲಿಲ್ಲ. ಹಾಗಾದರೆ ಅನ್ನ ಕೊಟ್ಟದ್ದು ಏನನ್ನು? ದೇಹದೊಳಗೆ ಬರುವ ಶಕ್ತಿಗೂ ಆ ದೇಹದಲ್ಲಿ ಬಾಳುವ ಜೀವಕ್ಕೂ ಇರುವ ಸಂಬಂಧ ಎಂಥದು?

ಈ ಪ್ರಶ್ನೆಯ ಅರ್ಧಭಾಗಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಖಚಿತ ಉತ್ತರ ಸಿಕ್ಕಿತು. ಜೀವಿಗಳಲ್ಲಿ ರಸಾಯನಶಾಸ್ತ್ರಕ್ಕೆ ಸಿಗದ ಒಂದು ಜೀವಶಕ್ತಿ ಇದೆ ಎಂದು ಯುರೋಪಿನ ಕೆಲವು ಪಂಡಿತರು ಇನ್ನೂ ನಂಬಿದ್ದ ಕಾಲ ಅದು. ಜರ್ಮನಿಯ ಮ್ಯಾಕ್ಸ್ ರುಬ್ನರ್ ನಾಯಿಯನ್ನು ಉಷ್ಣಮಾಪಕ ಪೆಟ್ಟಿಗೆಯಲ್ಲಿಟ್ಟು, ಅದು ತಿಂದ ಆಹಾರವನ್ನು ಸುಟ್ಟರೆ ಎಷ್ಟು ಶಾಖ ಬರುತ್ತದೋ ನಾಯಿಯ ಮೈಯಿಂದಲೂ ಅಷ್ಟೇ ಹೊರಬರುತ್ತದೆ ಎಂದು ತೋರಿಸಿದ. ಅಮೆರಿಕದಲ್ಲಿ ವಿಲ್ಬರ್ ಅಟ್‌ವಾಟರ್ ಮತ್ತು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಇದನ್ನೇ ಮನುಷ್ಯನ ಮೇಲೆ ಮಾಡಿದರು. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ತಾಮ್ರದ ಗೋಡೆಯ ಕೋಣೆಯಲ್ಲಿ ಒಬ್ಬೊಬ್ಬರು ದಿನಗಟ್ಟಲೆ ಇದ್ದು, ಉಂಡು, ಮಲಗಿ, ಸೈಕಲ್ ತುಳಿದರು. ಒಳಗೆ ಹೋದ ಆಹಾರ, ಹೊರಬಂದ ಉಸಿರು, ಮಲಮೂತ್ರ, ಶಾಖ ಎಲ್ಲದರ ಲೆಕ್ಕ ಬರೆದಿಟ್ಟರು. ಆಯವ್ಯಯ ಸರಿಹೋಯಿತು. ಬಾಕಿ ಏನೂ ಉಳಿಯಲಿಲ್ಲ.

ಚಿಂತನೆಯ ಖರ್ಚನ್ನೂ ಮುಂದೆ ಅಳೆದರು. 1933ರಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಮತ್ತು ಅವರ ಪತ್ನಿ ಕಾರ್ನೀಲಿಯಾ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಂದು ಗಂಟೆ ತಲೆ ಚಿಟ್ಟು ಹಿಡಿಯುವಂತೆ ಯೋಚಿಸಲು ಹೆಚ್ಚುವರಿಯಾಗಿ ಬೇಕಾಗುವ ಶಕ್ತಿ ಉಪ್ಪು ಹಾಕಿ ಹುರಿದ ಅರ್ಧ ಕಡಲೆಬೀಜದಲ್ಲಿದೆ. ಮಿದುಳು ಸುಮ್ಮನಿರುವಾಗಲೂ ಸುಮಾರು 20 ವ್ಯಾಟ್ ಉಣ್ಣುತ್ತದೆ. ಅದರ ಮೇಲೆ ಗಣಿತ ಬಿಡಿಸಿದರೂ, ಮಂತ್ರ ಜಪಿಸಿದರೂ, ಭಾಷ್ಯ ಬರೆದರೂ ಏರುವುದು ಇಷ್ಟೇ. ದ್ವೇಷದಲ್ಲಿ ಕುದಿಯುತ್ತ ಒಂದು ಗಂಟೆ ಕುಳಿತವನಿಗೂ ಬ್ರಹ್ಮವಿಚಾರದಲ್ಲಿ ಒಂದು ಗಂಟೆ ಮುಳುಗಿದವನಿಗೂ ಶಕ್ತಿಯ ಖಾತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಾರದು.

ಇದನ್ನು ಕೇಳಿ ಆಸ್ತಿಕರು ನೊಂದುಕೊಳ್ಳಬೇಕಿಲ್ಲ. ಖಾತೆಯಲ್ಲಿ ಒಂದಿಷ್ಟು ಲೆಕ್ಕ ತಪ್ಪಿದ್ದರೆ ಆ ಸಂದಿನಲ್ಲಿ ಆತ್ಮವನ್ನು ಕೂರಿಸಬಹುದಿತ್ತು ಎಂದುಕೊಳ್ಳುವುದೇ ಆತ್ಮವನ್ನು ತೀರ ಸಣ್ಣದು ಮಾಡಿದಂತೆ. ಇಂದು ಧ್ಯಾನ ಶಿಬಿರಗಳಲ್ಲಿ, ಹರಳು ಮಾರುವ ಅಂಗಡಿಗಳಲ್ಲಿ, ವಾಸ್ತು ಹೇಳುವವರ ಬಾಯಲ್ಲಿ ‘ಪಾಸಿಟಿವ್ ಎನರ್ಜಿ’ ಧಾರಾಳವಾಗಿ ಹರಿಯುತ್ತಿದೆ. ಪ್ರಾಣವೆಂದರೆ ಒಂದು ಬಗೆಯ ವಿದ್ಯುತ್ತು, ಪುಣ್ಯವೆಂದರೆ ಒಂದು ಬಗೆಯ ಕಂಪನ ಎಂದು ವಿವರಿಸಿದರೆ ಧರ್ಮಕ್ಕೆ ಗೌರವ ಬರುತ್ತದೆ ಎಂದು ಅವರು ತಿಳಿದಿರಬಹುದು. ಬರುವುದಿಲ್ಲ. ಜೂಲ್‌ಗಳಲ್ಲಿ ಅಳೆಯಬಹುದಾದ ಪ್ರಾಣಕ್ಕೆ ಒಂದು ಮುದ್ದೆ ಸಾಕು, ಗುರು ಬೇಕಿಲ್ಲ.

ನ್ಯಾಯಶಾಸ್ತ್ರ ಇಂಥ ಕಡೆ ನೆರವಿಗೆ ಬರುತ್ತದೆ. ಮಡಕೆಗೆ ಮಣ್ಣು ಒಂದು ಬಗೆಯ ಕಾರಣ, ಕುಂಬಾರ ಇನ್ನೊಂದು ಬಗೆ. ಜೊತೆಗಿದ್ದು ಕೆಲಸ ಸಾಗಿಸುವ ಸಹಕಾರಿ ಕಾರಣಗಳು ಬೇರೆ. ಸಹಕಾರಿ ಇಲ್ಲದಿದ್ದರೆ ಕೆಲಸ ನಡೆಯದು, ಹಾಗೆಂದು ಕೆಲಸದ ಸ್ವರೂಪ ಅದರಿಂದ ಬಂದದ್ದಲ್ಲ. ಅನ್ನದಿಂದ ಕಾಲಕ್ರಮದಲ್ಲಿ ಮಿದುಳಿನ ಮಾಂಸವೂ ಕಟ್ಟುತ್ತದೆ, ನಿಜ. ಆದರೆ ಒಂದು ಊಟದಿಂದ ಮರಳಿ ಬಂದ ವೇದಕ್ಕೆ ಆ ಊಟ ಸಹಕಾರಿ ಮಾತ್ರ. ಉದ್ದಾಲಕನ ಪ್ರಯೋಗ ಸರಿಯಾಗಿದೆ, ತೀರ್ಮಾನ ಮಾತ್ರ ಪ್ರಯೋಗವನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದು ವಿನಯದಿಂದಲೇ ಹೇಳಬೇಕಾಗುತ್ತದೆ.

ಶಕ್ತಿಯ ಪ್ರಮಾಣಕ್ಕೂ ಅದು ದೇಹದ ಮೇಲೆ ಮಾಡುವ ಪರಿಣಾಮಕ್ಕೂ ನೇರ ನಂಟಿಲ್ಲ ಎಂಬುದಕ್ಕೆ ತತ್ತ್ವಶಾಸ್ತ್ರದವರೆಗೂ ಹೋಗಬೇಕಿಲ್ಲ, ದಿನನಿತ್ಯದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಒಂದು ಕಿಲೋ ಭಾರವನ್ನು ಹತ್ತು ಸೆಂಟಿಮೀಟರ್ ಎತ್ತಲು ಬೇಕಾದದ್ದು ಸರಿಸುಮಾರು ಒಂದು ಜೂಲ್. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿರುವುದು ಸುಮಾರು 320 ಕಿಲೋಕ್ಯಾಲರಿ, ಅಂದರೆ 13 ಲಕ್ಷಕ್ಕೂ ಮೀರಿದ ಜೂಲ್. ಶ್ರವಣಬೆಳಗೊಳದ ವಿಂಧ್ಯಗಿರಿ ತಪ್ಪಲಿನಿಂದ ಸುಮಾರು 140 ಮೀಟರ್ ಎತ್ತರವಿದೆ. ಅರವತ್ತು ಕಿಲೋ ತೂಕದ ಯಾತ್ರಿಕ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಏರಿ ಗೊಮ್ಮಟನ ಪಾದ ಮುಟ್ಟಿದರೆ, ಮೈಯನ್ನು ಅಷ್ಟು ಮೇಲೆತ್ತಿದ ಕೆಲಸ 20 ಕಿಲೋಕ್ಯಾಲರಿ. ಒಂದು ಚಮಚ ಸಕ್ಕರೆ. ಸ್ನಾಯುಗಳು ಮುಕ್ಕಾಲು ಭಾಗವನ್ನು ಶಾಖವಾಗಿ ಚೆಲ್ಲುವುದರಿಂದ ನಿಜವಾದ ಖರ್ಚು ಅದರ ನಾಲ್ಕು ಪಟ್ಟು ಎಂದಿಟ್ಟುಕೊಂಡರೂ ಒಂದು ಮುದ್ದೆಗೆ ನಾಲ್ಕು ಸಲ ಬೆಟ್ಟ ಹತ್ತಬಹುದು.

ಸಿಡಿಮದ್ದಿನ ಲೆಕ್ಕ ಇದಕ್ಕಿಂತ ಬೆರಗು ಹುಟ್ಟಿಸುವಂಥದು. ಒಂದು ಗ್ರಾಂ ಟಿಎನ್‌ಟಿ ಸಿಡಿದರೆ ಬಿಡುಗಡೆಯಾಗುವ ಶಕ್ತಿ ಒಂದು ಕಿಲೋಕ್ಯಾಲರಿ. ಒಂದು ಗ್ರಾಂ ಸಕ್ಕರೆಯಲ್ಲಿ ನಾಲ್ಕು. ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ತೂಕಡಿಸುವವನ ಹೊಟ್ಟೆಯಲ್ಲಿ ಮುನ್ನೂರು ಗ್ರಾಂ ಸಿಡಿಮದ್ದಿನಷ್ಟು ಶಕ್ತಿ ಇದೆ. ಸಿಡಿಮದ್ದು ಕಣ್ಣೆವೆ ಇಕ್ಕುವುದರೊಳಗೆ ಎಲ್ಲವನ್ನೂ ಹೊರಚೆಲ್ಲುತ್ತದೆ. ದೇಹ ಅದನ್ನು ಗಂಟೆಗಟ್ಟಲೆ, ಕಿಣ್ವಗಳ ಮೂಲಕ, ಕೋಟಿ ಕೋಟಿ ಸಣ್ಣ ಕಂತುಗಳಲ್ಲಿ ಬಿಡಿಸಿಕೊಳ್ಳುತ್ತದೆ. ಬದುಕಿರುವುದು ಎಂದರೆ ಬಹುಪಾಲು ಈ ತಾಳ್ಮೆಯೇ. ಹಾಗೆ ಬಿಡಿಸಿಕೊಂಡ ಶಾಖವನ್ನು ಹೊರಗೆ ಹಾಕುತ್ತಲೂ ಇರಬೇಕು. ಅರವತ್ತು ಕಿಲೋ ಮೈಯ ಶಾಖವನ್ನು 37ರಿಂದ 42 ಡಿಗ್ರಿಗೆ ಏರಿಸಲು ಬೇಕಾದದ್ದು 250 ಕಿಲೋಕ್ಯಾಲರಿ, ಒಂದು ಮುದ್ದೆಗಿಂತ ಕಡಿಮೆ. ಬೆವರು ಆರದ ಉರಿಬಿಸಿಲಲ್ಲಿ ದುಡಿಯುವ ಕೂಲಿಯವರು ಸಾಯುವುದು ಹೊರಗಿನ ಬೆಂಕಿಯೊಂದರಿಂದಲೇ ಅಲ್ಲ, ಹೊರಗೆ ಹೋಗಲಾರದೆ ಒಳಗೆ ಉಳಿದ ತಮ್ಮದೇ ಅನ್ನದ ಕಾವಿನಿಂದ.

ದಿನವೂ ನಮಸ್ಕರಿಸುವ ಸೂರ್ಯನ ವಿಷಯದಲ್ಲೂ ಪ್ರಮಾಣ ಮನಸ್ಸನ್ನು ದಾರಿ ತಪ್ಪಿಸುತ್ತದೆ. ಸೂರ್ಯ ಹೊರಸೂಸುವ ಶಕ್ತಿಯನ್ನು ಅವನ ತೂಕದಿಂದ ಭಾಗಿಸಿದರೆ ಕಿಲೋ ಒಂದಕ್ಕೆ ಬರುವುದು ಒಂದು ವ್ಯಾಟಿನ ಐದು ಸಾವಿರದಲ್ಲೊಂದು ಪಾಲು. ಸುಮ್ಮನೆ ಮಲಗಿದ ಮನುಷ್ಯ ಕಿಲೋ ಒಂದಕ್ಕೆ ಒಂದು ವ್ಯಾಟಿಗೂ ಮಿಗಿಲಾಗಿ ಉರಿಯುತ್ತಿರುತ್ತಾನೆ. ತೂಕಕ್ಕೆ ತೂಕ ಹೋಲಿಸಿದರೆ ತೊಟ್ಟಿಲಲ್ಲಿ ನಿದ್ರಿಸುವ ಕೂಸು ಸೂರ್ಯನಿಗಿಂತ ಸಾವಿರಾರು ಪಟ್ಟು ತೇಜಸ್ವಿ.

ಇನ್ನು ಕೊಲ್ಲುವ ಶಕ್ತಿ. 1946ರ ಮೇ 21ರಂದು ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಲೂಯಿಸ್ ಸ್ಲೋಟಿನ್ ಎಂಬ ಭೌತವಿಜ್ಞಾನಿ ಪ್ಲುಟೋನಿಯಂ ಗೋಳದೊಂದಿಗೆ ಪ್ರಯೋಗ ನಡೆಸುತ್ತಿದ್ದಾಗ ಕೈಲಿದ್ದ ಸ್ಕ್ರೂಡ್ರೈವರ್ ಜಾರಿತು. ನೀಲಿ ಬೆಳಕು ಮಿಂಚಿತು. ಅವನು ತಕ್ಷಣ ಗೋಳದ ಮೇಲೆ ಮುಚ್ಚಿಕೊಂಡ ಅರ್ಧಗೋಳದ ಹೊದಿಕೆಯನ್ನು ಕಿತ್ತೊಗೆದು ಕೋಣೆಯಲ್ಲಿದ್ದ ಉಳಿದವರನ್ನು ಹೆಚ್ಚಿನ ವಿಕಿರಣದಿಂದ ಕಾಪಾಡಿದ, ತಾನು ಒಂಬತ್ತನೆಯ ದಿನ ತೀರಿಕೊಂಡ. ಇಂಥ ವಿಕಿರಣವನ್ನು ಅಳೆಯುವ ಮಾನ ಗ್ರೇ, ಅಂದರೆ ಮೈಯ ಒಂದು ಕಿಲೋಗೆ ಒಂದು ಜೂಲ್. ಚಿಕಿತ್ಸೆ ಸಿಗದಿದ್ದರೆ 4 ಗ್ರೇ ತಗುಲಿದವರಲ್ಲಿ ಅರ್ಧದಷ್ಟು ಜನ ಒಂದೆರಡು ತಿಂಗಳಲ್ಲಿ ಸಾಯುತ್ತಾರೆ. ಅರವತ್ತು ಕಿಲೋ ಮನುಷ್ಯನಿಗೆ ಇದು 240 ಜೂಲ್. ಇದರಿಂದ ಮೈಯ ಶಾಖ ಏರುವುದು ಡಿಗ್ರಿಯ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ. ಒಂದು ಗುಟುಕು ಬಿಸಿ ಕಾಫಿ ಇದರ ಐದಾರು ಪಟ್ಟು ಶಾಖವನ್ನು ಒಳಗೆ ಒಯ್ಯುತ್ತದೆ. ಬೆಳಗೊಳದ ಬೆಟ್ಟದ ಎರಡೇ ಎರಡು ಮೆಟ್ಟಿಲು ಏರಿದರೆ 240 ಜೂಲ್ ಮುಗಿಯಿತು.

ಎರಡು ಮೆಟ್ಟಿಲಿನ ಶಕ್ತಿ ಆಳನ್ನು ಕೊಲ್ಲುವುದಾದರೂ ಹೇಗೆ? ಕಾಫಿಯ ಶಾಖ ಎಣಿಸಲಾರದಷ್ಟು ಅಣುಗಳಿಗೆ ಹಂಚಿಹೋಗಿ ಒಂದೊಂದನ್ನೂ ಒಂದಿಷ್ಟು ಹೆಚ್ಚು ಅಲುಗಾಡಿಸುತ್ತದೆ, ಅಷ್ಟೇ. ಗಾಮಾ ಕಿರಣದ ಶಕ್ತಿ ಹಂಚಿಹೋಗುವಂಥದ್ದಲ್ಲ. ಅದು ಗಟ್ಟಿಯಾಗಿ ಗಂಟುಗಂಟಾಗಿ ಬರುತ್ತದೆ. ಒಂದೊಂದು ಗಂಟಿಗೂ ರಾಸಾಯನಿಕ ಬಂಧದ ಬಲಕ್ಕಿಂತ ಲಕ್ಷ ಪಟ್ಟು ಶಕ್ತಿ ಇರಬಹುದು. ಅದು ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ಹಾಳಾದದ್ದು ಮಾಂಸದ ರಾಶಿಯಲ್ಲ, ಮುಂದಿನ ಜೀವಕೋಶವನ್ನು ಕಟ್ಟುವುದು ಹೇಗೆ ಎಂಬ ಬರವಣಿಗೆ. ಅದಕ್ಕೇ ಪೆಟ್ಟು ತಿಂದವನು ಮೊದಲ ದಿನ ನೆಟ್ಟಗಿದ್ದು, ಹೊಸ ರಕ್ತಕಣ ಹುಟ್ಟಬೇಕಾದ ವಾರಗಳಲ್ಲಿ ಕುಸಿಯುವುದೂ ಉಂಟು. ಶ್ವೇತಕೇತುವಿನ ಅನ್ನದ ಕಥೆಯನ್ನು ತಿರುವಿ ಹಾಕಿದರೆ ಇದು. ಅಲ್ಲಿ ಬರಹ ಇದ್ದು ಶಕ್ತಿ ಇರಲಿಲ್ಲ, ಊಟದಿಂದ ಎಲ್ಲ ಮರಳಿತು. ಇಲ್ಲಿ ಶಕ್ತಿ ಯಥೇಚ್ಛವಿದ್ದು ಬರಹ ಹರಿದಿದೆ. ಎಷ್ಟು ಉಣಿಸಿದರೂ ಅದು ಕೂಡಿಕೊಳ್ಳದು.

ಹೃದಯದ ವಿಷಯದಲ್ಲಿ ಎಲ್ಲವೂ ಹೊತ್ತನ್ನು ಅವಲಂಬಿಸಿದೆ. ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿರುವುದು ಸುಮಾರು 26 ಜೂಲ್. ಅಂಥ ಪೆಟ್ಟು ಎದೆಗೂಡಿನ ಮೇಲೆ, ಹೃದಯ ಒಂದು ಬಡಿತ ಮುಗಿಸಿ ಮುಂದಿನದಕ್ಕೆ ಸಜ್ಜಾಗುವ ಸೆಕೆಂಡಿನ ಐವತ್ತರಲ್ಲೊಂದು ಭಾಗದಷ್ಟು ಕಿರು ಅವಧಿಯಲ್ಲಿ ಬಿದ್ದರೆ, ಎಲುಬು ಮುರಿಯದೆ, ಗಾಯವೂ ಆಗದೆ ಆರೋಗ್ಯವಂತ ಹುಡುಗ ಕುಸಿದುಬೀಳಬಹುದು. ಆಗ ಅವನನ್ನು ಉಳಿಸಲು ಡಿಫಿಬ್ರಿಲೇಟರ್ ಕೊಡುವುದು ಸಾಮಾನ್ಯವಾಗಿ 150ರಿಂದ 200 ಜೂಲ್. ಕೊಂದದ್ದಕ್ಕಿಂತ ಉಳಿಸಿದ್ದು ದೊಡ್ಡದು. ಪೇಸ್‌ಮೇಕರ್ ಇಟ್ಟುಕೊಂಡವರ ಹೃದಯಕ್ಕೆ ಪ್ರತಿ ಬಡಿತಕ್ಕೂ ಸಿಗುವ ಪ್ರಚೋದನೆ ಮಾತ್ರ ಜೂಲಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು.

ಮನುಷ್ಯ ಸಾಧಾರಣ ದನಿಯಲ್ಲಿ ಆಡುವ ಮಾತಿನಲ್ಲಿ ಒಂದು ಸೆಕೆಂಡಿಗೆ ಗಾಳಿಗೆ ಸೇರುವ ಶಬ್ದಶಕ್ತಿಯೂ ಹತ್ತಿರ ಹತ್ತಿರ ಇಷ್ಟೇ, ಜೂಲಿನ ಲಕ್ಷದಲ್ಲೊಂದು ಪಾಲು. ಕೇಳುವವರ ಕಿವಿಗೆ ತಲುಪುವುದು ಅದರಲ್ಲೂ ಅತ್ಯಲ್ಪ. ಮಗ ಬದುಕಿದ್ದಾನೆ ಎಂಬ ಒಂದು ಮಾತಿಗೆ ತಾಯಿ ಎದ್ದು ಓಡುತ್ತಾಳೆ, ಇಲ್ಲ ಎಂಬ ಮಾತಿಗೆ ನೆಲಕ್ಕೆ ಕುಸಿಯುತ್ತಾಳೆ. ಎರಡರಲ್ಲಿದ್ದ ಶಕ್ತಿ ಒಂದೇ. ಓಡುವ ಕಾಲಿಗೆ ಬಲ ಅವಳ ಮೈಯಿಂದ ಬಂತು, ಮಾತಿನಿಂದಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಊರಿನ ಜನಕ್ಕೆ ಈ ಲೆಕ್ಕ ಮೊದಲೇ ತಿಳಿದಿತ್ತು.

ಆದರೆ ಈ ವಿಚಾರ ನಿಜಕ್ಕೂ ಕಠಿಣವಾಗುವುದು ಅನ್ನ ಬಿಡುವವರ ಮುಂದೆ. ವಿಂಧ್ಯಗಿರಿಗೆ ಎದುರಾಗಿರುವ ಚಂದ್ರಗಿರಿ, ಗೊಮ್ಮಟ ಬರುವ ಶತಮಾನಗಳ ಮೊದಲಿನಿಂದಲೂ, ಜೈನರ ಸಲ್ಲೇಖನ ವ್ರತ ಹಿಡಿದು, ಅನ್ನ ತೊರೆದು ದೇಹ ಬಿಟ್ಟವರ ಬೆಟ್ಟ. ಬಂಡೆಗಳ ಮೇಲೆ ಅವರ ಹೆಸರುಗಳಿವೆ. ಗೊಮ್ಮಟನ ಪ್ರತಿಷ್ಠೆಯ ಕಾಲಕ್ಕೇ, 982ರಲ್ಲಿ, ರಾಷ್ಟ್ರಕೂಟ ವಂಶದ ಕೊನೆಯ ಅರಸು ನಾಲ್ಕನೆಯ ಇಂದ್ರ ಬೆಳಗೊಳದಲ್ಲಿ ಹೀಗೆ ತೀರಿಕೊಂಡ. ದೇಹಶಾಸ್ತ್ರದ ಕಣ್ಣಿನಲ್ಲಿ ನಡೆದದ್ದು ಸರಳ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದೆರಡು ದಿನದಲ್ಲಿ ತೀರುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ. ಹತ್ತು ಕಿಲೋ ಕೊಬ್ಬಿನಲ್ಲಿ 70,000 ಕಿಲೋಕ್ಯಾಲರಿಗೂ ಹೆಚ್ಚು, ಎಂದರೆ ನಲವತ್ತು ಐವತ್ತು ದಿನದ ದಾಸ್ತಾನು. ಮಿದುಳು ಕೂಡ ಕೊಬ್ಬಿನಿಂದ ಹುಟ್ಟುವ ಕೀಟೋನ್‌ಗಳನ್ನು ಉಣ್ಣಲು ಕಲಿಯುತ್ತದೆ ಎಂದು ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ತೋರಿಸಿದರು. ಕೊನೆಗೆ ಹೃದಯದ ಮಾಂಸಕ್ಕೂ ಕೈಬೀಳುತ್ತದೆ.

ಲಾಹೋರಿನ ಸೆರೆಮನೆಯಲ್ಲಿ 63 ದಿನ ಉಪವಾಸವಿದ್ದು 1929ರ ಸೆಪ್ಟೆಂಬರ್ 13ರಂದು ತೀರಿಕೊಂಡ ಕ್ರಾಂತಿಕಾರಿ ಜತೀಂದ್ರನಾಥ ದಾಸರ ಮೈಯೂ ಹೀಗೆಯೇ ಕರಗಿತ್ತು. 1943ರ ಬಂಗಾಳದಲ್ಲಿ ಬೀದಿ ಬದಿ ಬಿದ್ದು ಸತ್ತ ಲಕ್ಷಗಟ್ಟಲೆ ಜನರ ಮೈಯೂ ಹೀಗೆಯೇ. ಖಾತೆ ಮೂರರದ್ದೂ ಒಂದೇ ಬಗೆ. ಒಳಗೆ ಬಂದದ್ದು ಕಡಿಮೆ, ಹೊರಗೆ ಹೋದದ್ದು ಹೆಚ್ಚು. ಆದರೂ ಮುನಿಯ ಸಾವು, ಕ್ರಾಂತಿಕಾರಿಯ ಸಾವು, ಹಸಿದ ರೈತನ ಸಾವು ಮೂರೂ ಒಂದೇ ಎಂದು ಒಪ್ಪುವ ಮನುಷ್ಯನಿಲ್ಲ. ಸಲ್ಲೇಖನವು ಆತ್ಮಹತ್ಯೆಯಲ್ಲ, ಏಕೆಂದರೆ ಅದರಲ್ಲಿ ರಾಗದ್ವೇಷಗಳಿಲ್ಲ ಎಂದು ಜೈನಾಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಾದಿಸಿದರು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಒಪ್ಪದೆ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ವಿವಾದ ಏನೇ ಇರಲಿ, ಎರಡೂ ಕಡೆಯವರು ಜಗಳವಾಡಿದ್ದು ಮನಸ್ಸಿನ ಉದ್ದೇಶದ ಬಗ್ಗೆ, ಅರ್ಧ ಕಡಲೆಬೀಜದಷ್ಟೂ ಖರ್ಚಿಲ್ಲದ ಒಂದು ಸಂಗತಿಯ ಬಗ್ಗೆ.

ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಾಗ ಮುಪ್ಪು, ವಾಸಿಯಾಗದ ರೋಗ, ತಪ್ಪಿಸಿಕೊಳ್ಳಲಾಗದ ವಿಪತ್ತುಗಳ ಜೊತೆಗೆ ಬರಗಾಲವನ್ನೂ ಸೇರಿಸುತ್ತದೆ. ಓದುವವರ ಮನಸ್ಸು ಕಲಕುವ ಜಾಗ ಇದು. ಹೇಗೂ ಅನ್ನ ಸಿಗದೆ ಸಾಯಲಿರುವವನು ಆ ಸಾವನ್ನು ತನ್ನ ವ್ರತವಾಗಿ ಮಾಡಿಕೊಳ್ಳಬಹುದು ಎಂಬುದು ಸಾಯುವವನಿಗೆ ದೊಡ್ಡ ಘನತೆ ಕೊಡುತ್ತದೆ. ಅದೇ ಮಾತನ್ನು ಉಂಡವರು ಹಸಿದವರಿಗೆ ಹೇಳತೊಡಗಿದರೆ ಅದಕ್ಕಿಂತ ಹೀನವಾದದ್ದು ಇಲ್ಲ. ಬಂಗಾಳದ ಕ್ಷಾಮವನ್ನು ಒಂಬತ್ತು ವರ್ಷದ ಹುಡುಗನಾಗಿ ಕಂಡ ಅಮರ್ತ್ಯ ಸೇನ್ 1981ರಲ್ಲಿ ಬರೆದ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಪುಸ್ತಕದಲ್ಲಿ, ಆ ವರ್ಷ ನಾಡಿನಲ್ಲಿ ಅಕ್ಕಿಯೇ ಇಲ್ಲವಾಗಿರಲಿಲ್ಲ, ಕೂಲಿಯವರ ಕೈಗೆ ಅದು ಸಿಗದಂತಾಗಿತ್ತು ಎಂದು ವಾದಿಸಿದರು. ಅಲ್ಲಿಯೂ ಒಟ್ಟು ಪ್ರಮಾಣ ಸತ್ಯವನ್ನು ಹೇಳಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಪ್ರಮಾಣವನ್ನು ಹಗುರವಾಗಿ ಕಾಣುವುದು ಧರ್ಮವಲ್ಲ. ಎದುರಿಗಿರುವವರು ಹಸಿದಿದ್ದಾಗ ಕಿಲೋಕ್ಯಾಲರಿಯ ಲೆಕ್ಕವೇ ಮೊದಲ ಲೆಕ್ಕ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನವೂ ನಡೆಯುವ ದಾಸೋಹದಲ್ಲಿ ಅಕ್ಕಿ, ರಾಗಿಯನ್ನು ಅಳೆದು ಹಾಕುವ ಕೈಗೆ ಇದು ಗೊತ್ತು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ 36 ಅಮೆರಿಕನ್ ತರುಣರು ಇದೇ ಲೆಕ್ಕಕ್ಕಾಗಿ ತಮ್ಮ ಮೈಯನ್ನು ಒಪ್ಪಿಸಿದರು. ಕೊಲ್ಲುವುದು ತಮ್ಮ ಧರ್ಮಕ್ಕೆ ವಿರುದ್ಧವೆಂದು ಸೈನ್ಯ ಸೇರಲು ಒಲ್ಲದವರು ಅವರು. ಬ್ರೆದ್ರನ್, ಕ್ವೇಕರ್, ಮೆನ್ನೊನೈಟ್‌ನಂಥ ಶಾಂತಿವಾದಿ ಪಂಗಡಗಳಿಗೆ ಸೇರಿದವರು ಅವರಲ್ಲಿ ಹಲವರಿದ್ದರು. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಈ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದ, ದಿನಕ್ಕೆ ಸುಮಾರು 1,600 ಕಿಲೋಕ್ಯಾಲರಿಯಲ್ಲಿ. ಅವರು ಮೈತೂಕದ ಕಾಲುಭಾಗ ಕಳೆದುಕೊಂಡರು. ಓದು, ಹರಟೆ, ಹಾಸ್ಯ, ಹೆಣ್ಣಿನ ಆಸೆ ಎಲ್ಲ ಬತ್ತಿತು. ಅಡುಗೆ ಪುಸ್ತಕಗಳನ್ನು ಧರ್ಮಗ್ರಂಥದಂತೆ ಓದತೊಡಗಿದರು, ತಟ್ಟೆ ನೆಕ್ಕಿದರು, ಸಿಡುಕಿದರು. ಒಬ್ಬಾತ ತನ್ನ ಬೆರಳುಗಳನ್ನೇ ಕಡಿದುಕೊಂಡ. ಪೂರ್ತಿ ಅನ್ನ ಬಿಟ್ಟವರಲ್ಲಿ ಕೆಲ ದಿನಗಳ ನಂತರ ಹಸಿವು ಇಂಗುವುದು ಅನೇಕ ಕಡೆ ದಾಖಲಾಗಿದೆ. ಇವರಿಗೆ ಆ ನೆಮ್ಮದಿಯೂ ಇರಲಿಲ್ಲ. ಶೂನ್ಯಕ್ಕಿಂತ 1,600 ಹೆಚ್ಚು ಹಿಂಸೆ ಕೊಟ್ಟಿತು. ಹದಿನೈದು ದಿನದ ಶ್ವೇತಕೇತುವಿಗಿಂತ ಬಡವರ ಮನೆಯ ಹಸಿವಿಗೆ ಹತ್ತಿರವಾದದ್ದು ಇವರ ಸ್ಥಿತಿ. ಬಡವರು ಸಾಮಾನ್ಯವಾಗಿ ಇರುವುದು ಅರೆಹೊಟ್ಟೆಯಲ್ಲಿ.

ಮತ್ತೆ ಉಣಿಸುವ ಹಂತದಲ್ಲಿ, ಮುಂಚಿನಷ್ಟೇ ಊಟ ಕೊಟ್ಟರೆ ಮೈ ಚೇತರಿಸಿಕೊಳ್ಳದು, ಬೆಳೆದ ಗಂಡಸಿಗೆ ತಿಂಗಳುಗಟ್ಟಲೆ ದಿನಕ್ಕೆ 4,000 ಕಿಲೋಕ್ಯಾಲರಿಯಷ್ಟು ಬೇಕು ಎಂದು ತಿಳಿದುಬಂತು. ಯುರೋಪಿನ ಶಿಬಿರಗಳಲ್ಲಿ ಸೊರಗಿದವರಿಗೆ ಉಣಿಸಲು ಹೊರಟವರಿಗಾಗಿ, ಪ್ರಯೋಗದಲ್ಲಿ ಕಂಡದ್ದನ್ನು ಸಂಗ್ರಹಿಸಿದ ‘ಮೆನ್ ಅಂಡ್ ಹಂಗರ್’ ಎಂಬ ಕೈಪಿಡಿ 1946ರಲ್ಲಿ ಹೊರಬಂತು. ಹಸಿದವನ ಸಿಡುಕನ್ನು ಕೃತಘ್ನತೆ ಎಂದು ತಿಳಿಯಬಾರದು ಎಂಬಂಥ ತಿಳಿವಳಿಕೆ ಆ ತರುಣರ ಮೈಯಿಂದಲೇ ಬಂದದ್ದು. ಅಚ್ಚು ಹಾಕಿಸಿದ್ದು ಬ್ರೆದ್ರನ್ ಪಂಗಡದ ಸ್ವಂತ ಪ್ರಕಾಶನ.